ಮೂರು ಸಾವಿರ ಪೌಂಡಿನ ಹುಡುಗ

ರಗ್ಬಿ ಎಂಬ ಹೆಸರಿನಿಂದ ನಡೆಯುವ ಆಟ ಒಂದಲ್ಲ, ಎರಡು. ಒಂದು ರಗ್ಬಿ ಯೂನಿಯನ್, ಇನ್ನೊಂದು ರಗ್ಬಿ ಲೀಗ್. ಎರಡರಲ್ಲಿಯೂ ಚೆಂಡು ಮೊಟ್ಟೆಯ ಆಕಾರದ್ದು. ಎರಡರಲ್ಲಿಯೂ ಅದನ್ನು ತೋಳಿನಲ್ಲಿ ಅವುಚಿಕೊಂಡು ಓಡುವವರು ಕೆಲವರು, ಓಡುವವರ ಸೊಂಟಕ್ಕೆ ಕೈಹಾಕಿ ನೆಲಕ್ಕೆ ಕೆಡಹುವವರು ಕೆಲವರು. ದೂರದಿಂದ ನೋಡುವವನಿಗೆ ಇವೆರಡರ ಭೇದ ತಿಳಿಯುವುದು ಕಷ್ಟ. ಹೀಗಿದ್ದರೂ ಸುಮಾರು ನೂರು ವರ್ಷಗಳ ಕಾಲ ಇವುಗಳ ನಡುವೆ ಒಂದು ಗೋಡೆ ನಿಂತಿದ್ದಿತು. ಯೂನಿಯನ್ನಿನಿಂದ ಲೀಗಿಗೆ ಹೋದವನು ಮರಳಿ ಬರುವಂತಿರಲಿಲ್ಲ. ಆ ಗೋಡೆಯನ್ನು ಕಟ್ಟಿದ್ದು ಆಟದ ನಿಯಮವಲ್ಲ, ಹಣ. ಆಟಕ್ಕೆ ಕೂಲಿ ಪಡೆಯುವುದು ತಪ್ಪೇ ಅಲ್ಲವೇ ಎಂಬ ಪ್ರಶ್ನೆ. ಬಿಲ್ಲಿ ಬಾಸ್ಟನ್ ಎಂಬ ಹುಡುಗ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಆ ಗೋಡೆಯನ್ನು ದಾಟಿದನು. ದಾಟಿದ ದಿನ ಅವನು ಅತ್ತನು. ಏಕೆ ಅತ್ತನೆಂಬುದನ್ನು ತಿಳಿಯಬೇಕಾದರೆ ಮೊದಲು ಗೋಡೆಯ ಕತೆಯನ್ನು ತಿಳಿಯಬೇಕು.

ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಲ್ಲಿ ಈ ಆಟ ರೂಪುಗೊಂಡಿತು. ಸಿರಿವಂತರ ಮಕ್ಕಳು ಓದುವ ಶಾಲೆ ಅದು. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಬಾಲಕ ಕಾಲ್ಚೆಂಡಾಟದ ನಡುವೆ ಚೆಂಡನ್ನು ಕೈಗೆತ್ತಿಕೊಂಡು ಓಡಿಬಿಟ್ಟನೆಂಬ ಐತಿಹ್ಯವೊಂದು ಪ್ರಚಾರದಲ್ಲಿದೆ. ಅದಕ್ಕೆ ಗಟ್ಟಿಯಾದ ಆಧಾರ ಸಾಲದು. ಇರಲಿ. ಶಾಲೆಯಿಂದ ಹೊರಬಿದ್ದ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳನ್ನು ಸೇರಿತು. ಅಲ್ಲಿಯವರು ಕಲ್ಲಿದ್ದಲ ಗಣಿಯಲ್ಲಿಯೂ ನೂಲಿನ ಗಿರಣಿಯಲ್ಲಿಯೂ ದುಡಿಯುವ ಜನ. ಅವರಿಗೆ ಈ ಆಟ ಬಹಳ ಹಿಡಿಸಿತು. ಆದರೆ ಒಂದು ತೊಡಕು. ಪಂದ್ಯಗಳು ನಡೆಯುತ್ತಿದ್ದುದು ಶನಿವಾರ, ಶನಿವಾರವೂ ಕೆಲಸವುಂಟು. ದೂರದ ಊರಿಗೆ ಆಡಲು ಹೋದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ವಕೀಲನ ಮಗನಿಗೆ ಆಟ ವಿನೋದ. ಗಣಿಯ ಕೂಲಿಗೆ ಅದೇ ಆಟ ಮನೆಯ ಹಿಟ್ಟಿಗೆ ಕೈಯಿಕ್ಕಿ ಆಡುವ ಆಟ. ಆದುದರಿಂದ ಉತ್ತರದ ಕ್ಲಬ್ಬುಗಳು ಒಂದು ಬೇಡಿಕೆಯನ್ನು ಮುಂದಿಟ್ಟವು. ಆಡುವುದಕ್ಕೆ ಸಂಬಳ ಬೇಡ, ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನಷ್ಟು ತುಂಬಿಕೊಡಲು ಅನುಮತಿ ಬೇಕು ಎಂದವು.

1893ರಲ್ಲಿ ಲಂಡನ್ನಿನ ಸಭೆಯಲ್ಲಿ ಈ ಬೇಡಿಕೆ ಮತಕ್ಕೆ ಬಂದಿತು. ಪರವಾಗಿ 136, ವಿರೋಧವಾಗಿ 282. ಹಣ ಸೋಂಕಿದರೆ ಆಟದ ಶುದ್ಧಿ ಕೆಡುವುದೆಂದು ಹಿರಿಯರು ವಾದಿಸಿದರು. ಹೊಟ್ಟೆ ತುಂಬಿದವರಿಗೆ ಉಪವಾಸದ ಮಹಿಮೆಯನ್ನು ಕೊಂಡಾಡುವುದು ಸುಲಭ. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳ ಪ್ರತಿನಿಧಿಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯ ಸಂಘವನ್ನು ಕಟ್ಟಿಕೊಂಡರು. ಹೊಸ ಸಂಘದಲ್ಲಿ ಮೊದಲ ವರ್ಷ ಆಡಿದ ಕ್ಲಬ್ಬುಗಳು 22. ವಿಗನ್, ಲೀಡ್ಸ್, ಹಲ್, ವಾರಿಂಗ್ಟನ್ ಮುಂತಾದವು ಅವುಗಳಲ್ಲಿ ಸೇರಿದ್ದವು. ದಿನಕ್ಕೆ ಆರು ಷಿಲಿಂಗಿನವರೆಗೆ ಕೂಲಿನಷ್ಟವನ್ನು ತುಂಬಿಕೊಡಬಹುದೆಂದು ಅವು ತೀರ್ಮಾನಿಸಿದವು. 1922ರಲ್ಲಿ ಈ ಸಂಘಕ್ಕೆ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಹೆಸರಾಯಿತು.

ಯೂನಿಯನ್ನಿನವರು ಸುಮ್ಮನಿರಲಿಲ್ಲ. ಲೀಗಿನಲ್ಲಿ ಆಡಿದವನಿಗೆ, ಹಣ ಪಡೆದವನಿಗೆ, ಬರಿಯ ಪರೀಕ್ಷೆಗೆಂದು ಒಂದು ಪಂದ್ಯ ಆಡಿ ಬಂದವನಿಗೂ ಜೀವಾವಧಿಯ ನಿಷೇಧ ವಿಧಿಸಿದರು. ಆಮೇಲೆ ಅವನು ತನ್ನ ಊರಿನ ಯೂನಿಯನ್ ತಂಡದಲ್ಲಿ ಆಡುವಂತಿಲ್ಲ, ತರಬೇತಿ ಕೊಡುವಂತಿಲ್ಲ. ಕೆಲವೆಡೆ ಹಳೆಯ ಗೆಳೆಯರಿದ್ದ ಕ್ಲಬ್ಬಿನ ಮನೆಯನ್ನು ಮೆಟ್ಟುವುದೂ ಕಷ್ಟವಾಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಹಿಂದೆ ನಡೆಯುತ್ತಿದ್ದ ಬಹಿಷ್ಕಾರವನ್ನು ಕೇಳಿ ಬಲ್ಲವರಿಗೆ ಇದರ ಬಿಸಿ ಅರ್ಥವಾದೀತು. ಈ ಭಯದಿಂದಲೇ ಪರೀಕ್ಷೆಗೆಂದು ಬಂದ ಆಟಗಾರನ ಹೆಸರನ್ನು ಲೀಗ್ ಕ್ಲಬ್ಬುಗಳು ಬಯಲು ಮಾಡುತ್ತಿರಲಿಲ್ಲ. ತಂಡದ ಪಟ್ಟಿಯಲ್ಲಿ ಅವನ ಹೆಸರಿರಬೇಕಾದ ಜಾಗದಲ್ಲಿ ‘ಮತ್ತೊಬ್ಬ’ ಎಂಬಂತಹ ಮಾತೊಂದನ್ನು ಅಚ್ಚು ಮಾಡಿಸುತ್ತಿದ್ದರು.

ಹಣದ ಸೋಂಕಿಗೆ ಇಷ್ಟು ಅಂಜಿದ ಯೂನಿಯನ್ನಿನ ಬಹು ಹಳೆಯ ಪಾರಿತೋಷಕಗಳಲ್ಲೊಂದು ನಮ್ಮ ದೇಶದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಎರೆದದ್ದು ಎಂಬುದನ್ನು ಇಲ್ಲಿ ನೆನೆಯದಿರಲಾರೆ. ಕಲ್ಕತ್ತೆಯಲ್ಲಿ ಆಂಗ್ಲರು ಕಟ್ಟಿಕೊಂಡಿದ್ದ ಕ್ಲಬ್ಬೊಂದು 1878ರಲ್ಲಿ ಮುಚ್ಚಿಹೋಯಿತು; ಬ್ಯಾಂಕಿನಲ್ಲಿ ಉಳಿದಿದ್ದ ರೂಪಾಯಿಗಳನ್ನು ತೆಗೆದು ಬಟ್ಟಲು ಮಾಡಿಸಿ ಯೂನಿಯನ್ನಿಗೆ ಕಾಣಿಕೆ ಕೊಟ್ಟರು. ಅದರ ಹಿಡಿಗಳು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. ಕಲ್ಕತ್ತಾ ಕಪ್ ಎಂಬ ಆ ಬಟ್ಟಲಿಗಾಗಿ ಇಂಗ್ಲೆಂಡ್ ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತ ಬಂದಿವೆ. ರೂಪಾಯಿ ಬಟ್ಟಲಾದರೆ ಪೂಜ್ಯ, ಗಣಿಗಾರನ ಕಿಸೆ ಸೇರಿದರೆ ಮೈಲಿಗೆ!

ಲೀಗಿನವರು ಬೇರೆಯಾದ ಮೇಲೆ ಆಟವನ್ನೂ ತಿದ್ದಿದರು. ನೋಡುವವನು ಕೊಡುವ ಪ್ರವೇಶ ಶುಲ್ಕದಿಂದಲೇ ಆಡುವವನಿಗೆ ಕೂಲಿ ಸಲ್ಲಬೇಕು. ಆದುದರಿಂದ ಆಟ ಬೇಸರ ತರಿಸಬಾರದು. 1906ರಲ್ಲಿ ಹದಿನೈದು ಮಂದಿಯ ತಂಡವನ್ನು ಹದಿಮೂರಕ್ಕೆ ಇಳಿಸಿದರು. ಓಟಕ್ಕೆ ಬಯಲು ತೆರವಾಯಿತು. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದರೆ ಎಲ್ಲರೂ ಅವನ ಮೇಲೆ ಬಿದ್ದು ಒದ್ದಾಡುವುದನ್ನು ತಪ್ಪಿಸಿ, ಅವನು ಎದ್ದು ನಿಂತು ಚೆಂಡನ್ನು ನೆಲದಲ್ಲಿಟ್ಟು ಹಿಮ್ಮಡಿಯಿಂದ ಹಿಂದಿನವನಿಗೆ ತಳ್ಳಬೇಕೆಂದು ವಿಧಿಸಿದರು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಮಾತ್ರ. ಮುಂದೆ ಹೋಗಬೇಕಾದರೆ ಹೊತ್ತುಕೊಂಡೇ ಓಡಬೇಕು. ಕಬಡ್ಡಿಯಲ್ಲಿ ಹಿಡಿತದಿಂದ ಜಾರಿ ಗೆರೆ ಮುಟ್ಟುವವನ ಸಾಹಸವನ್ನು ನಾವು ಬಲ್ಲೆವು. ಅಂಥ ಸಾಹಸವನ್ನು ನೂರು ಗಜದ ಬಯಲಿನಲ್ಲಿ, ಓಡುತ್ತ, ಕಂಕುಳಲ್ಲಿ ಚೆಂಡಿಟ್ಟುಕೊಂಡು ಮಾಡುವುದೆಂದು ಭಾವಿಸಿಕೊಳ್ಳಬಹುದು. ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಅದು ಒಂದು ‘ಟ್ರೈ’. ಬಾಸ್ಟನ್ ಅವರ ಕಾಲದಲ್ಲಿ ಅದಕ್ಕೆ ಮೂರು ಅಂಕ, 1983ರಿಂದ ನಾಲ್ಕು.

ತಂಡದ ಎರಡು ಅಂಚುಗಳಲ್ಲಿ ನಿಲ್ಲುವವರಿಗೆ ವಿಂಗರ್ ಎಂದು ಹೆಸರು. ಅವರ ಪಾಡು ವಿಚಿತ್ರವಾದುದು. ಹತ್ತಾರು ನಿಮಿಷ ಚೆಂಡೇ ಬಾರದು. ಬಂದಾಗ ಒಂದು ಪಕ್ಕದಲ್ಲಿ ಬಯಲಿನ ಗೆರೆ, ಇನ್ನೊಂದು ಪಕ್ಕದಲ್ಲಿ ನುಗ್ಗಿ ಬರುವ ಎದುರಾಳಿ. ಗೆರೆ ತುಳಿದರೆ ಆಟ ನಿಂತಿತು. ಆ ಇಕ್ಕಟ್ಟಿನ ಓಣಿಯಲ್ಲಿ ಕ್ಷಣಾರ್ಧದಲ್ಲಿ ನಿಶ್ಚಯಿಸಬೇಕು. ಸುತ್ತಿ ಹೋಗುವುದೋ, ಒಳಕ್ಕೆ ತಿರುಗುವುದೋ, ಎದುರಿಗಿದ್ದವನನ್ನು ಒಂದು ಕೈಯಿಂದ ದೂಡಿ ಸಾಗುವುದೋ? ಬಿಲ್ಲಿ ಬಾಸ್ಟನ್ ಬಲಗಡೆಯ ವಿಂಗರ್.

ಅವನು ಹುಟ್ಟಿದುದು 1934ರ ಆಗಸ್ಟ್ 6ರಂದು, ವೇಲ್ಸಿನ ಕಾರ್ಡಿಫ್ ಬಂದರಿನ ಪಕ್ಕದ ಬ್ಯೂಟ್‌ಟೌನ್ ಎಂಬಲ್ಲಿ. ಆ ಕೇರಿಗೆ ಟೈಗರ್ ಬೇ ಎಂಬ ಹೆಸರೂ ಉಂಟು. ವೇಲ್ಸಿನ ಕಲ್ಲಿದ್ದಲು ಲೋಕದ ಎಲ್ಲ ದಿಕ್ಕಿಗೂ ಹೋಗುತ್ತಿದ್ದುದು ಈ ಬಂದರಿನಿಂದ. ಆ ಹಡಗುಗಳಲ್ಲಿ ಬಂದ ನಾವಿಕರು, ಆಫ್ರಿಕದವರು, ಅರಬರು, ಸೊಮಾಲಿಗಳು, ನಮ್ಮ ದೇಶದವರು, ಅಲ್ಲಿಯೇ ನೆಲಸಿ ಸಂಸಾರ ಹೂಡಿದ್ದರು. ಬಿಲ್ಲಿಯ ತಂದೆ ಸಿಯೆರಾ ಲಿಯೋನ್ ದೇಶದಿಂದ ಬಂದ ನಾವಿಕ; ತಾಯಿ ಕಾರ್ಡಿಫಿನ ಐರಿಷ್ ಮೂಲದ ಹೆಂಗಸು. ಮನೆ ತುಂಬ ಮಕ್ಕಳು, ಒಟ್ಟು ಹನ್ನೊಂದು. ಕೇರಿಯೊಳಗೆ ಬಣ್ಣದ ಮಾತು ಏಳುತ್ತಿದ್ದುದು ಅಪರೂಪ. ಕೇರಿ ದಾಟಿ ನಗರದ ನಡುಭಾಗಕ್ಕೆ ಹೋದರೆ ಅದು ಏಳುತ್ತಿತ್ತು. 1919ರಲ್ಲಿ ಕಾರ್ಡಿಫಿನಲ್ಲಿ ಕಪ್ಪು ಜನರ ಮೇಲೆ ದೊಡ್ಡ ಗಲಭೆಯೇ ನಡೆದಿತ್ತು. ಹಿರಿಯರು ಅದನ್ನು ಮರೆತಿರಲಿಲ್ಲ.

ಬಿಲ್ಲಿಗೆ ಚಿಕ್ಕಂದಿನಿಂದ ಒಂದೇ ಹಂಬಲ. ಕಾರ್ಡಿಫ್ ಯೂನಿಯನ್ ಕ್ಲಬ್ಬಿಗೆ ಆಡಬೇಕು. ಆಮೇಲೆ ವೇಲ್ಸ್ ದೇಶಕ್ಕೆ ಆಡಬೇಕು. ಆ ಕ್ಲಬ್ಬಿನ ಮೈದಾನವಾದ ಆರ್ಮ್ಸ್ ಪಾರ್ಕ್ ಅವನ ಕೇರಿಯಿಂದ ನಡೆದು ಹೋಗುವಷ್ಟು ಹತ್ತಿರ. ತನ್ನ ಕೇರಿಯ ತಂಡಕ್ಕೂ ಪಾಂಟಿಪ್ರಿದ್, ನೀತ್ ಎಂಬ ಊರುಗಳ ತಂಡಗಳಿಗೂ ಆಡಿ ಅವನು ಹೆಸರು ಮಾಡಿದನು. ಕಡ್ಡಾಯ ಸೈನಿಕ ಸೇವೆಗಾಗಿ ಯಾರ್ಕ್‌ಷೈರಿನ ಕ್ಯಾಟರಿಕ್ ಶಿಬಿರಕ್ಕೆ ಹೋದಾಗ ಅಲ್ಲಿಯೂ ಆಡಿದನು. 1953ರಲ್ಲಿ ಸೈನ್ಯದ ಕಪ್ಪಿನ ಅಂತಿಮ ಪಂದ್ಯದಲ್ಲಿ ಅವನೊಬ್ಬನೇ ಆರು ಟ್ರೈ ಗಳಿಸಿದನು. ಆದರೆ ಕಾರ್ಡಿಫ್ ಕ್ಲಬ್ಬಿನಿಂದ ಕರೆ ಬರಲಿಲ್ಲ. ಬಾರದಿರಲು ಕಾರಣವೇನೆಂದು ಯಾರೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ವೇಲ್ಸ್ ಯೂನಿಯನ್ ತಂಡದಲ್ಲಿ ಕಪ್ಪು ಮೈಬಣ್ಣದ ಆಟಗಾರ ಮೊದಲು ಕಾಣಿಸಿಕೊಂಡುದು 1980ರ ದಶಕದಲ್ಲಿ ಎಂಬ ಸಂಗತಿಯೊಂದೇ ಸಾಕು.

1953ರ ಮಾರ್ಚಿಯಲ್ಲಿ ವಿಗನ್ ಲೀಗ್ ಕ್ಲಬ್ಬಿನವರು ಅವನನ್ನು ಹುಡುಕಿಕೊಂಡು ಮನೆಗೇ ಬಂದರು. ಮುಂದೆ ನಡೆದುದನ್ನು ಬಾಸ್ಟನ್ ಅವರೇ ಅನೇಕ ಸಲ ಹೇಳಿದ್ದಾರೆ. ಬಂದವರು ಮೇಜಿನ ಮೇಲೆ ಸಾವಿರ ಪೌಂಡುಗಳನ್ನು ಐದೈದು ಪೌಂಡಿನ ನೋಟುಗಳಲ್ಲಿ ಹರಡಿದರು. ಆ ಮನೆಯಲ್ಲಿ ಅಷ್ಟು ಹಣವನ್ನು ಯಾರೂ ಕಂಡಿರಲಿಲ್ಲ. ಹುಡುಗ ಒಲ್ಲೆನೆಂದನು. ಅವರು ಮೊತ್ತವನ್ನು ಸಾವಿರದೈನೂರಕ್ಕೆ ಏರಿಸಿದರು. ಹುಡುಗನಿಗೆ ದಿಕ್ಕು ತೋಚದಾಯಿತು; ಇವರನ್ನು ಹೇಗಾದರೂ ಸಾಗಹಾಕು ಎಂದು ತಾಯಿಯನ್ನು ಬೇಡಿದನು. ಸಾಗಹಾಕುವ ಉಪಾಯವೆಂದೇ ಆಕೆ ಮೂರು ಸಾವಿರ ಕೇಳಿದಳು. ಕೇಳಿದವರು ಎದ್ದು ಹೋಗುವರೆಂದು ಅವಳ ಎಣಿಕೆ. ಅವರು ಹೋಗಲಿಲ್ಲ, ಒಪ್ಪಿಬಿಟ್ಟರು. ತಾಯಿಯ ಮಾತು ಆಡಿದ್ದಾಗಿತ್ತು, ಇನ್ನು ಹಿಂತೆಗೆಯುವಂತಿರಲಿಲ್ಲ. ಬಿಲ್ಲಿ ಸಹಿ ಹಾಕಿದನು. ಆಮೇಲೆ ಅತ್ತನು.

ಮೂರು ಸಾವಿರ ಪೌಂಡು ಆ ಕಾಲಕ್ಕೆ ಎಷ್ಟು ದೊಡ್ಡ ಮೊತ್ತವೆಂಬುದಕ್ಕೆ ಒಂದು ಅಳತೆ ಕೊಡಬಹುದು. ಆಗ ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಎಂಥ ಶ್ರೇಷ್ಠ ಆಟಗಾರನಿಗೂ ವಾರಕ್ಕೆ 15 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಕಟ್ಟಳೆಯಿತ್ತು. ಅಂಥವನು ಸುಮಾರು ನಾಲ್ಕು ವರ್ಷ ಆಡಿ ಗಳಿಸುವುದನ್ನು ಹದಿನೆಂಟರ ಹುಡುಗನಿಗೆ ಒಂದು ಸಹಿಗೆ ಕೊಟ್ಟರು. ಆದರೆ ಇದು ಆಟದ ಕೂಲಿಯಲ್ಲ. ಪಂದ್ಯದ ಕೂಲಿ ಬೇರೆ. ಗೆದ್ದರೆ ಹೆಚ್ಚು, ಸೋತರೆ ಕಡಮೆ. ಈ ಮೂರು ಸಾವಿರ, ಬಿಟ್ಟುಬರುವುದರ ಬೆಲೆ. ಸಹಿಯ ಮಸಿ ಒಣಗುವ ಮುನ್ನವೇ ಆರ್ಮ್ಸ್ ಪಾರ್ಕಿನ ಬಾಗಿಲು ಅವನ ಪಾಲಿಗೆ ಮುಚ್ಚಿತು. ಅದು ತೆರೆಯುವುದೆಂಬ ಭರವಸೆಯಿರಲಿಲ್ಲ ನಿಜ. ತೆರೆಯಲಾರದೆಂದು ತಾನೇ ಒಪ್ಪಿ ಬರೆದುಕೊಡುವುದು ಬೇರೆ. ವಿಗನ್ನಿನಲ್ಲಿ ಕಾಲು ಮುರಿದರೆ, ಆಟ ಹಿಡಿಸದಿದ್ದರೆ, ಕ್ಲಬ್ಬಿನವರು ಬೇಡವೆಂದರೆ, ಮರಳಿ ಹೋಗಿ ಮೊದಲಿನಂತೆ ಆಡೋಣವೆನ್ನುವಂತಿರಲಿಲ್ಲ. ಲೀಗಿನ ಕ್ಲಬ್ಬುಗಳಾದರೂ ಉದಾರಿಗಳೆಂದು ಭಾವಿಸಬಾರದು. ಸಹಿ ಹಾಕಿದ ಆಟಗಾರ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಬೇರೆ ಕ್ಲಬ್ಬಿಗೆ ಹೋಗುವಂತಿರಲಿಲ್ಲ. ಕ್ಲಬ್ಬು ಮನಸ್ಸು ಮಾಡಿದರೆ ಅವನಿಗೆ ಒಂದು ಬೆಲೆ ಕಟ್ಟಿ ಮಾರಬಹುದಾಗಿತ್ತು. ಯೂನಿಯನ್ನಿನ ಕಟ್ಟಳೆ ಬಡವನ ಹೊಟ್ಟೆಗೆ ಹೊಡೆಯಿತು ಎಂಬುದು ಎಷ್ಟು ನಿಜವೋ, ಲೀಗಿನ ಕರಾರು ಅವನ ಕಾಲಿಗೆ ಹಗ್ಗ ಹಾಕಿತು ಎಂಬುದೂ ಅಷ್ಟೇ ನಿಜ.

ವಿಗನ್ ಲ್ಯಾಂಕಷೈರಿನ ಕಲ್ಲಿದ್ದಲ ಊರು. ಜಾರ್ಜ್ ಆರ್ವೆಲ್ 1937ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದರ ಬಡತನ ಲೋಕಕ್ಕೆಲ್ಲ ತಿಳಿದಿತ್ತು. ಗಣಿಯಿಂದ ಮೇಲೆ ಬಂದು, ಮೈ ತೊಳೆದು, ಶನಿವಾರ ಮಧ್ಯಾಹ್ನ ಸೆಂಟ್ರಲ್ ಪಾರ್ಕ್ ಮೈದಾನಕ್ಕೆ ಹೋಗುವುದು ಆ ಊರಿನ ನೇಮ. ಆ ಕಾಲದಲ್ಲಿ ಈ ಆಟಕ್ಕೆ ಸೇರುತ್ತಿದ್ದ ಜನವನ್ನು ಇಂದು ಊಹಿಸುವುದು ಕಷ್ಟ. 1954ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡಿನ ಆಡ್ಸಲ್ ಮೈದಾನದಲ್ಲಿ ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ತಂಡಗಳ ಪಂದ್ಯವನ್ನು ನೋಡಿದವರು, ಎಣಿಸಿದ ಟಿಕೆಟಿನ ಪ್ರಕಾರವೇ, 1,02,569 ಮಂದಿ. ಇಂಥ ಜನದ ಮುಂದೆ, ತನ್ನ ನುಡಿಯ ಉಚ್ಚಾರವೂ ಬೇರೆ, ಬಣ್ಣವೂ ಬೇರೆಯಾದ ಹುಡುಗ 1953ರ ಚಳಿಗಾಲದ ಹೊತ್ತಿಗೆ ಆಡತೊಡಗಿದನು. ಊರು ಅವನನ್ನು ಪರೀಕ್ಷಿಸಿತು. ಪರೀಕ್ಷೆ ಬಹಳ ದಿನ ನಡೆಯಲಿಲ್ಲ.

ವಿಗನ್ನಿನ ಮೊದಲ ತಂಡಕ್ಕೆ ಬೆರಳೆಣಿಕೆಯಷ್ಟು ಪಂದ್ಯಗಳನ್ನಾಡಿದ್ದಾಗಲೇ ಅವನನ್ನು 1954ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್ ಪ್ರವಾಸದ ಬ್ರಿಟನ್ ತಂಡಕ್ಕೆ ಆರಿಸಿದರು. ಆ ಪ್ರವಾಸಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಅವನೇ. ವಯಸ್ಸು ಹತ್ತೊಂಬತ್ತು. ಹದಿನೆಂಟು ಪಂದ್ಯಗಳಲ್ಲಿ 36 ಟ್ರೈ ಗಳಿಸಿ ಪ್ರವಾಸದ ಹಿಂದಿನ ದಾಖಲೆಗಳನ್ನೆಲ್ಲ ಮುರಿದನು. ಆಕ್ಲೆಂಡಿನಲ್ಲಿ ನ್ಯೂಜಿಲೆಂಡಿನ ಎದುರು ನಡೆದ ಟೆಸ್ಟಿನಲ್ಲಿ ಒಬ್ಬನೇ ನಾಲ್ಕು. ಕಾರ್ಡಿಫಿನ ಕ್ಲಬ್ಬು ಕರೆಯದಿದ್ದ ಹುಡುಗ ಒಂದೂವರೆ ವರ್ಷ ತುಂಬುವಷ್ಟರಲ್ಲಿ ಇಡಿಯ ಬ್ರಿಟನ್ನಿನ ಅಂಗಿ ತೊಟ್ಟು ಲೋಕದ ಇನ್ನೊಂದು ತುದಿಯಲ್ಲಿ ಓಡುತ್ತಿದ್ದನು.

ಇಲ್ಲಿಂದ ಮುಂದೆ ಅವರ ವೃತ್ತಿಜೀವನ ಹದಿನೈದು ವರ್ಷ ನಡೆಯಿತು. ಮೊದಲು ತೆಳುವಾಗಿ ಜಿಂಕೆಯಂತಿದ್ದ ಬಾಸ್ಟನ್ ಬರಬರುತ್ತ ಮೈತುಂಬಿಕೊಂಡರು. ಆದರೆ ವೇಗ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಸುತ್ತಿ ಹೋಗುವ ಜಾಗದಲ್ಲಿ ನುಗ್ಗಿ ಹೋಗುವುದನ್ನು ಕಲಿತರು. ತಡೆಯಲು ಬಂದವನು ತಾನೇ ಬಿದ್ದಿರುತ್ತಿದ್ದನು. ಆಟಗಾರನಿಗೆ ದೇಹ ಬದಲಾದಂತೆ ಆಟವನ್ನೂ ಬದಲಿಸಿಕೊಳ್ಳುವ ಬುದ್ಧಿ ಬೇಕು. ಅದಿಲ್ಲದೆ ಇಪ್ಪತ್ತೈದಕ್ಕೆ ಮುಗಿದುಹೋದ ವಿಂಗರುಗಳು ಎಷ್ಟೋ ಮಂದಿ. ಅವರ ಒಳಮಗ್ಗುಲಲ್ಲಿ ಆಡುತ್ತಿದ್ದ ಎರಿಕ್ ಆಷ್ಟನ್ ಉದ್ದನೆಯ, ಶಾಂತ ಸ್ವಭಾವದ ನಾಯಕ. ಎದುರಾಳಿಯನ್ನು ತನ್ನತ್ತ ಸೆಳೆದು, ಕೊನೆಯ ಗಳಿಗೆಯಲ್ಲಿ ಚೆಂಡನ್ನು ಪಕ್ಕಕ್ಕೆ ಜಾರಿಸುವುದು ಆಷ್ಟನ್ನರ ಕೆಲಸ. ಅಲ್ಲಿಂದ ಮುಂದಿನದು ಬಾಸ್ಟನ್ನರದು. ಟ್ರೈಗಳ ಲೆಕ್ಕದಲ್ಲಿ ಒಬ್ಬರ ಹೆಸರು ಮಾತ್ರ ಬರುತ್ತದೆ, ಚೆಂಡು ಕೊಟ್ಟವನ ಹೆಸರು ಬರುವುದಿಲ್ಲ.

1958ರಲ್ಲಿ, 1959ರಲ್ಲಿ, ಮತ್ತೆ 1965ರಲ್ಲಿ ವಿಗನ್ ತಂಡ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ಪನ್ನು ಗೆದ್ದಿತು. ಬಾಸ್ಟನ್ ಆರು ಬಾರಿ ಅಲ್ಲಿಯ ಅಂತಿಮ ಪಂದ್ಯವನ್ನಾಡಿ ಮೂರು ಬಾರಿ ಸೋತರು ಎಂಬುದನ್ನೂ ಹೇಳಬೇಕು. 1959ರಲ್ಲಿ ನೆರೆಯೂರಾದ ಸೇಂಟ್ ಹೆಲೆನ್ಸ್ ತಂಡದೊಡನೆ ನಡೆದ ಪಂದ್ಯಕ್ಕೆ ಸೆಂಟ್ರಲ್ ಪಾರ್ಕಿನಲ್ಲಿ 47,747 ಜನ ಸೇರಿದರು. ವಿಗನ್ನಿಗೆ ಅವರು ಆಡಿದ ಪಂದ್ಯಗಳು 488, ಗಳಿಸಿದ ಟ್ರೈಗಳು 478. ಒಂದೇ ಪಂದ್ಯದಲ್ಲಿ ಏಳು ಟ್ರೈ ಗಳಿಸಿದ್ದು ಎರಡು ಸಲ. ಒಟ್ಟು ವೃತ್ತಿಜೀವನದಲ್ಲಿ 571. ಬ್ರಿಟನ್ನಿನ ಆಟದಲ್ಲಿ ಅದನ್ನು ಮೀರಿಸಿದವರು ವಾರಿಂಗ್ಟನ್ನಿಗೆ ಆಡಿದ ಬ್ರೈಯನ್ ಬೆವನ್ ಒಬ್ಬರೇ, 796.

ಅಂಕಿಗಳಲ್ಲಿ ಕಾಣಿಸದ ಒಂದು ಪ್ರಸಂಗವನ್ನು ಬಿಡುವಂತಿಲ್ಲ. 1957ರಲ್ಲಿ ಆಸ್ಟ್ರೇಲಿಯದಲ್ಲಿ ವಿಶ್ವಕಪ್ ಪಂದ್ಯಗಳು ನಡೆದವು. ಅಲ್ಲಿಂದ ಮರಳುವ ದಾರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಂಡಗಳು ದಕ್ಷಿಣ ಆಫ್ರಿಕದಲ್ಲಿ ಇಳಿದು, ಆಟವನ್ನು ಪರಿಚಯಿಸುವುದಕ್ಕೆಂದು ಕೆಲವು ಪ್ರದರ್ಶನ ಪಂದ್ಯಗಳನ್ನಾಡಿದವು. ಅಲ್ಲಿ ವರ್ಣಭೇದ ನೀತಿ ಕಾನೂನಾಗಿದ್ದ ಕಾಲ ಅದು. ಕಪ್ಪು ಮನುಷ್ಯ ಬಿಳಿಯರ ತಂಡದಲ್ಲಿ ಆಡುವಂತಿಲ್ಲ. ಜೊತೆಗಾರರು ದಕ್ಷಿಣ ಆಫ್ರಿಕಕ್ಕೆ ಹೋದರು. ಬಾಸ್ಟನ್ ಒಬ್ಬರೇ ಮನೆಗೆ ಮರಳಿದರು. ಅವರನ್ನು ಬಿಟ್ಟು ಹೋಗುವುದಿಲ್ಲವೆಂದು ಆಡಳಿತದವರು ಹಟ ಹಿಡಿಯಲಿಲ್ಲ. ಲೀಗಿನ ಚರಿತ್ರೆಯಲ್ಲಿ ಬಡವನ ಪರವಾಗಿ ನಿಂತ ಹೆಮ್ಮೆಯ ಪುಟವಿದೆ. ಅದರ ಬೆನ್ನಿಗೆ ಈ ಪುಟವೂ ಇದೆ. ಯೂನಿಯನ್ನಿನಲ್ಲಿ ಅವರಿಗೆ ಬಾಗಿಲು ತೆರೆಯದಿದ್ದಾಗ ತೆರೆದವರು ಇವರೇ ಎಂಬುದನ್ನು ಒಪ್ಪಿಯೂ, ಈ ಒಂದು ಸಲ ಅವರು ಹಣದ ಕಡೆಗೇ ನೋಡಿದರೆಂದು ಹೇಳದೆ ಗತಿಯಿಲ್ಲ.

ಆದರೂ ಲೀಗಿನಲ್ಲಿ ಮುಂದೆ ನಡೆದುದು ಬೇರೆಡೆ ಅಷ್ಟು ಬೇಗ ನಡೆಯಲಿಲ್ಲ. ಬಾಸ್ಟನ್ನರ ನಂತರ ಕಾರ್ಡಿಫಿನಿಂದಲೇ ಬಂದ ಕ್ಲೈವ್ ಸಲಿವನ್ 1972ರಲ್ಲಿ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ಪನ್ನು ಗೆದ್ದು ತಂದರು. ಬ್ರಿಟನ್ನಿನ ಯಾವುದೇ ಪ್ರಮುಖ ಕ್ರೀಡೆಯ ರಾಷ್ಟ್ರೀಯ ತಂಡಕ್ಕೆ ನಾಯಕರಾದ ಮೊದಲ ಕಪ್ಪು ಆಟಗಾರ ಅವರು. ಹಲ್ ನಗರವನ್ನು ಪ್ರವೇಶಿಸುವ ಹೆದ್ದಾರಿಗೆ ಇಂದು ಅವರ ಹೆಸರಿದೆ.

1968ರಲ್ಲಿ ಬಾಸ್ಟನ್ ವಿಗನ್ನಿಗೆ ತಮ್ಮ ಕೊನೆಯ ಪಂದ್ಯವನ್ನಾಡಿದರು. ಆಮೇಲೆ ಬ್ಲ್ಯಾಕ್‌ಪೂಲ್ ತಂಡಕ್ಕೆ ಕೆಲಕಾಲ ಆಡಿ 1970ರ ಹೊತ್ತಿಗೆ ನಿಲ್ಲಿಸಿದರು. ಆ ಕಾಲದ ಲೀಗ್ ಆಟಗಾರನಿಗೆ ಆಟದಿಂದ ಜೀವಮಾನಕ್ಕಾಗುವಷ್ಟು ಗಳಿಕೆಯಿರಲಿಲ್ಲ. ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು. ಆಟವನ್ನೇ ಪೂರ್ಣಕಾಲದ ಉದ್ಯೋಗವಾಗಿ ಮಾಡಿಕೊಳ್ಳುವ ಕ್ರಮ ಬ್ರಿಟನ್ನಿನಲ್ಲಿ ಬೇರೂರಿದುದು 1980ರ ದಶಕದ ಕೊನೆಯಿಂದೀಚೆಗೆ. ಬಾಸ್ಟನ್ ಸೆಂಟ್ರಲ್ ಪಾರ್ಕಿನ ಸಮೀಪದಲ್ಲಿಯೇ ಗ್ರಿಫಿನ್ ಎಂಬ ಪಾನಗೃಹವನ್ನು ನಡೆಸಿದರು. ಆಟ ನೋಡಿ ಬಂದವರು ಅಲ್ಲಿ ಕುಳಿತು ಅವರ ಹಳೆಯ ಟ್ರೈಗಳನ್ನು ಅವರಿಗೇ ವರ್ಣಿಸುತ್ತಿದ್ದಿರಬೇಕು. ಅವರು ಕಾರ್ಡಿಫಿಗೆ ಮರಳಲಿಲ್ಲ, ವಿಗನ್ನಿನವರೇ ಆದರು.

1988ರಲ್ಲಿ ರಗ್ಬಿ ಲೀಗಿನ ಕೀರ್ತಿಮಂದಿರಕ್ಕೆ ಮೊದಲ ಬಾರಿಗೆ ಆರಿಸಿದ ಒಂಬತ್ತು ಮಂದಿಯಲ್ಲಿ ಅವರೊಬ್ಬರು. 1995ರ ಆಗಸ್ಟಿನಲ್ಲಿ, ಹಡರ್ಸ್‌ಫೀಲ್ಡಿನ ಸಭೆ ನಡೆದು ಸರಿಯಾಗಿ ನೂರು ವರ್ಷಕ್ಕೆ, ರಗ್ಬಿ ಯೂನಿಯನ್ ತಾನೂ ಆಟಗಾರರಿಗೆ ಹಣ ಕೊಡಬಹುದೆಂದು ಘೋಷಿಸಿತು. ಗೋಡೆ ಬಿದ್ದಿತು. ಅದರ ಆಚೆ ಈಚೆ ಸಿಕ್ಕಿ ಬಾಳು ಸವೆಸಿದವರ ಹೆಸರುಗಳನ್ನು ಯಾವ ಘೋಷಣೆಯೂ ಹೇಳಲಿಲ್ಲ. ಸೆಂಟ್ರಲ್ ಪಾರ್ಕ್ 1999ರಲ್ಲಿ ಮುಚ್ಚಿ, ಆ ನೆಲದಲ್ಲಿ ದೊಡ್ಡದೊಂದು ಅಂಗಡಿ ಎದ್ದಿತು. ವಿಗನ್ನಿನ ಜನ ಹಣ ಕೂಡಿಸಿ 2016ರಲ್ಲಿ ಊರಿನ ನಡುವೆ ಬಾಸ್ಟನ್ನರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು.

ಕಾರ್ಡಿಫ್ ತಡಮಾಡಿತು. ಬಂದರು ಕೇರಿಯ ನಿವಾಸಿಗಳು ಒತ್ತಾಯ ಹೂಡಿದ ಮೇಲೆ, 2023ರ ಜುಲೈ 19ರಂದು ಅಲ್ಲಿಯ ಕೊಲ್ಲಿಯ ದಡದಲ್ಲಿ ಮೂವರ ಪ್ರತಿಮೆ ಅನಾವರಣಗೊಂಡಿತು. ಬಾಸ್ಟನ್, ಸಲಿವನ್, ಮತ್ತು ಅವರಿಗಿಂತ ಹಿಂದೆ 1929ರಲ್ಲಿಯೇ ಹದಿಹರೆಯದಲ್ಲಿ ಉತ್ತರಕ್ಕೆ ಹೋದ, ಲಾಟ್ವಿಯದಿಂದ ವಲಸೆ ಬಂದವರ ಮಗ ಗಸ್ ರಿಸ್ಮನ್. ಮೂವರೂ ಕಾರ್ಡಿಫಿನಲ್ಲಿ ಹುಟ್ಟಿದವರು. ವೇಲ್ಸಿನ ಯೂನಿಯನ್ ಅಂಗಿಯನ್ನು ಬಾಸ್ಟನ್ನರೂ ಸಲಿವನ್ನರೂ ತೊಡಲಿಲ್ಲ. ಮೂವರಲ್ಲಿ ಅಂದು ಬದುಕಿದ್ದವರು ಬಾಸ್ಟನ್ ಒಬ್ಬರೇ. 2025ರ ಜೂನಿನಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅವರಿಗೆ ನೈಟ್ ಪದವಿ ದೊರೆಯಿತು. ಲೀಗ್ ಹುಟ್ಟಿದ 130 ವರ್ಷಗಳಲ್ಲಿ ಆ ಪದವಿ ಪಡೆದ ಮೊದಲ ಆಟಗಾರ ಅವರು. ಆ ವೇಳೆಗೆ ಸ್ಮೃತಿಯನ್ನು ಮಂಕುಗೊಳಿಸುವ ವ್ಯಾಧಿ ಅವರಿಗೆ ತಗುಲಿ ಕೆಲವು ವರ್ಷಗಳಾಗಿದ್ದವು. ಆರೋಗ್ಯದ ಕಾರಣದಿಂದ ಪದವಿ ಪ್ರದಾನವನ್ನು ವಾಡಿಕೆಯ ದಿನಕ್ಕೆ ಕಾಯದೆ ಅರಮನೆಯಲ್ಲಿ ಮುಂಚಿತವಾಗಿಯೇ ನಡೆಸಿದರು.